ಕೊನೆಯ ಅಕ್ಷರಕ್ಕೆ ಎಳೆದ ಕೈ

ಬ್ರೇಕ್ ಕೆಟ್ಟಿದ್ದರೆ ಎಷ್ಟು ಸುಲಭವಾಗುತ್ತಿತ್ತು ಎಂದು ಅವನು ಯೋಚಿಸುತ್ತಿದ್ದ. ಆದರೆ ಬ್ರೇಕ್ ಸರಿಯಾಗಿತ್ತು. ಪೆಡಲು ಅರ್ಧ ಇಳಿದು ಗಟ್ಟಿಯಾಗಿ ನಿಲ್ಲುತ್ತಿತ್ತು. ಸ್ಟೀರಿಂಗ್ ಸರಿಯಾಗಿತ್ತು. ಆಕ್ಸಿಲರೇಟರಿನ ತಂತಿ ಎಲ್ಲೂ ಸಿಕ್ಕಿಕೊಂಡಿರಲಿಲ್ಲ. ಕಾರಿನಲ್ಲಿ ತಪ್ಪಿಲ್ಲವೆಂದರೆ ತಪ್ಪು ಕಾರಿನೊಳಗೆ ಕೂತವಳದು. ಹಾಗೆಂದು ಬರೆದು ಸಹಿ ಹಾಕಿದರೆ ಕೆಲಸ ಮುಗಿಯಿತು. ಮುಗಿಯಿತೇ?

ಅಪಘಾತವಾದ ವಾಹನಗಳನ್ನು ತಪಾಸಣೆ ಮಾಡಿ, ಯಾಂತ್ರಿಕ ದೋಷ ಇತ್ತೋ ಇಲ್ಲವೋ ಎಂದು ಪೊಲೀಸರಿಗೆ ಬರೆದುಕೊಡುವುದು ಅವನ ಉದ್ಯೋಗ. ಎದುರಿಗೆ ಜನ ಅವನನ್ನು ಪರೀಕ್ಷಕರು ಎನ್ನುತ್ತಿದ್ದರು. ಬೆನ್ನ ಹಿಂದೆ ಮೌನಿ ಎನ್ನುತ್ತಿದ್ದರು. ಎರಡನೆಯ ಹೆಸರೂ ಅವನ ಕಿವಿಗೆ ಬಿದ್ದಿತ್ತು. ಅದಕ್ಕೂ ಅವನು ಏನೂ ಹೇಳಿರಲಿಲ್ಲ.

ಹೆಣವನ್ನು ಆಗಷ್ಟೇ ಸಾಗಿಸಿದ್ದರು. ಗ್ಯಾರೇಜಿನ ಅಂಗಳದ ಕೊನೆಯಲ್ಲಿ ಇಟ್ಟಿಗೆಯ ಗೋಡೆ. ಸೊಂಟದ ಎತ್ತರದಲ್ಲಿ ಗಾರೆ ಕಿತ್ತುಬಂದಿತ್ತು. ಅದರ ಮುಂದೆ ಹಳೆಯ ಕಾರು, ಹಸಿರು ಬಣ್ಣದ್ದು, ಉದ್ದ ಮೂತಿಯದು. ಹಿಂದಿನ ಬಂಪರು ಒಂದು ಕಡೆ ಒಳಕ್ಕೆ ಕುಸಿದಿತ್ತು. ನೆಲದ ಮೇಲೆ ಒಂದು ಮರದ ತುಂಡು ಬಿದ್ದಿತ್ತು. ಗ್ಯಾರೇಜಿನ ಯಜಮಾನ ಸಾಯುವಾಗ ಕೈಯಲ್ಲಿ ಹಿಡಿದಿದ್ದದ್ದು ಅದನ್ನೇ.

"ಏನ್ರೀ, ಕಾರು ಬಾಯಿ ಬಿಡ್ತಾ?" ಇನ್ಸ್‌ಪೆಕ್ಟರ್ ಬಂದು ಪಕ್ಕದಲ್ಲಿ ನಿಂತ. ದೊಡ್ಡ ಹೊಟ್ಟೆಯ, ದೊಡ್ಡ ದನಿಯ ಮನುಷ್ಯ.

"ಬ್ರೇಕ್ ಸರಿ ಇದೆ."

"ನನಗೆ ಅಷ್ಟೇ ಸಾಕು. ಬರೆದುಕೊಡಿ, ಹೊರಡೋಣ."

"ಗೇರ್ ನೋಡಿಲ್ಲ."

"ಗೇರಲ್ಲಿ ನೋಡೋದು ಏನಿದೆ? ಬನ್ನಿ ಇಲ್ಲಿ, ನಾನೇ ತೋರಿಸ್ತೀನಿ." ಇನ್ಸ್‌ಪೆಕ್ಟರ್ ಕಾರಿನ ಬಾಗಿಲು ತೆಗೆದ. ಸ್ಟೀರಿಂಗ್ ಕಂಬದ ಮೇಲೆ ಗೇರ್ ಲಿವರ್. ಅದರ ಮುಂದೆ ಬೆರಳುದ್ದದ ತಗಡಿನ ಪಟ್ಟಿ. ಪಟ್ಟಿಯ ಮೇಲೆ ಎಡದಿಂದ ಬಲಕ್ಕೆ ಐದು ಇಂಗ್ಲಿಷ್ ಅಕ್ಷರ. "ನೋಡಿ. ಪಿ ಅಂದ್ರೆ ನಿಲ್ಲಿಸೋಕೆ. ಆರ್ ಅಂದ್ರೆ ಹಿಂದಕ್ಕೆ. ಎನ್ ಅಂದ್ರೆ ನ್ಯೂಟ್ರಲ್. ಡಿ ಅಂದ್ರೆ ಮುಂದಕ್ಕೆ. ಎಲ್ ಅಂದ್ರೆ ಏರು ಹತ್ತೋಕೆ. ಸರಿನಾ? ಕ್ಲಚ್ಚಿಲ್ಲ, ಏನಿಲ್ಲ. ಲಿವರ್ ಎಳಿ, ಆಕ್ಸಿಲರೇಟರ್ ಒತ್ತು."

"ಸರಿ."

"ಮಗಳು ಏನಂತಾಳೆ? ಡಿನಲ್ಲಿ ಮುಂದಕ್ಕೆ ಬಂದಳಂತೆ, ಆ ಏರಿನ ತನಕ." ಶೆಡ್ಡಿನ ಬಾಗಿಲಿಗೆ ಹತ್ತಿಸುವ ಸಣ್ಣ ಕಾಂಕ್ರೀಟ್ ಏರನ್ನು ಅವನು ತೋರಿಸಿದ. "ಹ್ಯಾಂಡ್‌ಬ್ರೇಕ್ ಸಡಿಲ ಅಂತ ಅಪ್ಪ ಮರದ ತುಂಡು ಹಿಡಿದು ಹಿಂದೆ ನಿಂತಿದ್ದ, ಚಕ್ರಕ್ಕೆ ಕೊಡೋಕೆ. ಇವಳು ಏರು ಹತ್ತೋಕೆ ಎಲ್ ಹಾಕಿದಳಂತೆ. ಕಾರು ಹಿಂದಕ್ಕೆ ಹಾರಿತಂತೆ. ಈಗ ನೀವೇ ಹೇಳಿ. ಡಿ ಪಕ್ಕದಲ್ಲೇ ಎಲ್ ಇದೆ. ಆರ್ ಎಲ್ಲಿದೆ? ಆ ಕಡೆ, ಎನ್ ದಾಟಿ. ಕೈ ತಪ್ಪಿದ್ರೆ ಅಷ್ಟು ದೂರ ತಪ್ಪುತ್ತಾ?"

ಪರೀಕ್ಷಕ ಅಕ್ಷರಗಳನ್ನು ನೋಡಿದ. ತಪ್ಪುವುದಿಲ್ಲ. ಅದು ಅವನಿಗೂ ಗೊತ್ತಿತ್ತು.

"ಬೇಕಂತಲೇ ಹಾಕಿದ್ದಾಳೆ ರೀ. ಹಿಂದಿನ ದಿನ ಅಪ್ಪನ ಹತ್ರ ಜಗಳ ಆಡಿದ್ದಾಳೆ. ಪಕ್ಕದ ಮನೆಯವರಿಗೆಲ್ಲ ಕೇಳಿಸಿದೆ. ಯಾಕೆ ಅಂತ ಕೇಳಿದ್ರೆ ತುಟಿ ಬಿಚ್ಚಲ್ಲ." ಇನ್ಸ್‌ಪೆಕ್ಟರ್ ಕೈಗಡಿಯಾರ ನೋಡಿಕೊಂಡ. "ನಾಳೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ನಿಮ್ಮ ವರದಿ ಬಂದ್ರೆ ಕೊಲೆ ಅಂತ ಹಾಕ್ತೀನಿ. ಅಪಘಾತ ಅಲ್ಲ, ಕೊಲೆ."

"ಎಂಜಿನ್ ಸ್ಟಾರ್ಟ್ ಮಾಡಿ ನೋಡಬೇಕು."

"ಬ್ಯಾಟರಿ ಇಲ್ಲ. ತಮ್ಮ ಬಿಚ್ಚಿಟ್ಟಿದ್ದಾನೆ."

"ಯಾಕೆ?"

ಉತ್ತರ ಬಂದದ್ದು ಹಿಂದಿನಿಂದ. "ಪೆಟ್ರೋಲ್ ವಾಸನೆ ಬರ್ತಿತ್ತು ಸರ್. ಬೆಂಕಿ ಗಿಂಕಿ ಹೊತ್ತಿಕೊಂಡ್ರೆ ಅಂತ."

ಸತ್ತವನ ತಮ್ಮ. ಹುಡುಗಿಗೆ ಚಿಕ್ಕಪ್ಪ. ಸಣಕಲು ಆಳು. ಉಗುರುಗಳ ಸಂದಿಯಲ್ಲೂ ಚಪ್ಪಲಿಯ ಮೇಲೂ ಬಣ್ಣದ ಕಲೆ. ಕಾರುಗಳಿಗೆ ಬಣ್ಣ ಹಾಕುವುದು ಅವನ ಕೆಲಸ. ಎಂಜಿನ್ ಕೆಲಸ ಅಣ್ಣನದು. ಕಣ್ಣುಗಳು ಅತ್ತು ಕೆಂಪಾಗಿದ್ದವು. ಆ ಅಳು ನಾಟಕದ ಅಳುವಿನಂತೆ ಪರೀಕ್ಷಕನಿಗೆ ಕಾಣಲಿಲ್ಲ.

"ನೀವು ಎಲ್ಲಿದ್ರಿ?"

"ಏರಿನ ಮೇಲೆ, ಶೆಡ್ಡಿನ ಬಾಗಿಲಲ್ಲಿ. ದಾರಿ ತೋರಿಸ್ತಿದ್ದೆ. ಎಲ್ ಹಾಕಮ್ಮ ಅಂದೆ. ಅಣ್ಣನೂ ಹಿಂದಿನಿಂದ, ಹೂಂ, ಎಲ್ ಹಾಕು ಅಂದ. ಅಷ್ಟರಲ್ಲಿ..." ಅವನು ಮುಖ ತಿರುಗಿಸಿದ. "ಓಡಿಬಂದು ನೋಡ್ತೀನಿ, ಲಿವರ್ ಆರ್‌ನಲ್ಲಿತ್ತು. ನಾನೇ ಚಾವಿ ತಿರುಗಿಸಿ ಎಂಜಿನ್ ನಿಲ್ಲಿಸಿದೆ. ಎನ್‌ಗೆ ಹಾಕಿ ಅಕ್ಕಪಕ್ಕದವರೆಲ್ಲ ಸೇರಿ ಮುಂದಕ್ಕೆ ತಳ್ಳಿದ್ವಿ. ಆಗಲೇ ಹೋಗಿಬಿಟ್ಟಿದ್ದ."

"ನೀವು ಈ ಕಾರು ಓಡಿಸಿದ್ದೀರಾ?"

"ಅಯ್ಯೋ, ಆಟೊಮ್ಯಾಟಿಕ್ ನನಗೆ ಬರಲ್ಲ ಸರ್. ಮೂರು ದಿನ ಆಯ್ತು ಬಂದು. ಲಾರಿಯಿಂದ ತಳ್ಳಿಕೊಂಡೇ ಇಳಿಸಿದ್ವಿ. ಮೊದಲ ಸಲ ಸ್ಟಾರ್ಟ್ ಮಾಡಿದ್ದೇ ಇವತ್ತು." ಅವನು ಒಂದು ಹೆಜ್ಜೆ ಮುಂದೆ ಬಂದ. "ಒಂದು ಮಾತು ಸರ್. ಈ ಕಾರು ಯಾವಾಗ ಬಿಟ್ಟುಕೊಡ್ತೀರಿ? ಕಣ್ಣೆದುರಿಗೆ ಇಟ್ಕೊಳೋಕೆ ಆಗ್ತಿಲ್ಲ. ಗುಜರಿಗೆ ಹಾಕಿಬಿಡ್ತೀನಿ."

"ವರದಿ ಆದಮೇಲೆ," ಎಂದ ಪರೀಕ್ಷಕ.

ಹೊರಡುವ ಮುಂಚೆ ಅವನು ಇನ್ನೊಮ್ಮೆ ಬಗ್ಗಿ ತಗಡಿನ ಪಟ್ಟಿಯನ್ನು ನೋಡಿದ. ಎರಡು ಸಣ್ಣ ತಿರುಪು. ಕಾರಿನ ಒಳಗಿನ ಎಲ್ಲ ತಿರುಪುಗಳ ಬಣ್ಣವೂ ಉಜ್ಜಿಹೋಗಿ ಬೋಳಾಗಿತ್ತು. ಈ ಎರಡರ ತಲೆಯ ಗೀರಿನಲ್ಲಿ ಮಾತ್ರ ಬಣ್ಣ ತುಂಬಿಕೊಂಡಿತ್ತು.

* * *

ಠಾಣೆಯ ಹಿಂದಿನ ಕೋಣೆಯಲ್ಲಿ ಒಂದು ಬೆಂಚು. ಮಗಳು ಅದರ ತುದಿಯಲ್ಲಿ ಕೂತಿದ್ದಳು. ಇಪ್ಪತ್ತೈದರ ಆಸುಪಾಸು. ಅಂಗೈಗಳನ್ನು ಮೇಲ್ಮುಖವಾಗಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು, ಅವು ತನ್ನವಲ್ಲವೇನೋ ಎಂಬಂತೆ.

"ನಾನು ಎಲ್‌ಗೇ ಹಾಕಿದ್ದು," ಎಂದಳು, ಅವನು ಕೇಳುವ ಮೊದಲೇ.

"ಹೇಗೆ ಗೊತ್ತು?"

"ಕೊನೇತನಕ ಎಳೆದೆ. ಅಲ್ಲಿಂದ ಮುಂದೆ ಲಿವರ್ ಹೋಗ್ತಿರ್ಲಿಲ್ಲ."

ಬಾಗಿಲಲ್ಲಿ ಒರಗಿದ್ದ ಇನ್ಸ್‌ಪೆಕ್ಟರ್ ನಿಟ್ಟುಸಿರು ಬಿಟ್ಟ. "ಅಮ್ಮಾ ತಾಯಿ, ಎಲ್ ಹಾಕಿದ್ರೆ ಕಾರು ಮುಂದಕ್ಕೆ ತಾನೇ ಹೋಗ್ಬೇಕು? ಕಾರಿಗೇನು ನಿನ್ನ ಅಪ್ಪನ ಮೇಲೆ ಹಗೆಯಾ?"

ಅವಳು ತನ್ನ ಅಂಗೈಗಳನ್ನೇ ನೋಡಿದಳು. ಪರೀಕ್ಷಕ ಕಾದ. ಕಾಯುವುದು ಅವನಿಗೆ ಕಷ್ಟದ ಕೆಲಸವಾಗಿರಲಿಲ್ಲ.

"ಅದಕ್ಕೆ ಮುಂಚೆ?" ಎಂದ. "ಡಿನಲ್ಲಿ ಬಂದೆಯಲ್ಲ, ಆಗ ಹೇಗಿತ್ತು?"

ಅವಳು ತಲೆಯೆತ್ತಿದಳು. ಆ ಪ್ರಶ್ನೆಯನ್ನು ಈವರೆಗೆ ಯಾರೂ ಕೇಳಿರಲಿಲ್ಲ. "ಕಿರುಚ್ತಿತ್ತು ಸರ್. ಎಂಜಿನ್ ಒಂದೇ ಸಮ ಕಿರುಚ್ತಿತ್ತು, ಕಾರು ಮಾತ್ರ ಆಮೆ ಥರ. ಇಷ್ಟು ದೊಡ್ಡ ಎಂಜಿನ್ನು, ಇಷ್ಟೇನಾ ಓಡೋದು ಅಂದೆ. ಅಪ್ಪ ನಕ್ಕರು. ಹಳೇದು ಕಣೇ, ಅದಕ್ಕೂ ವಯಸ್ಸಾಗಿದೆ ನನ್ನ ಹಾಗೇನೇ ಅಂದ್ರು."



ಫೋನು ಬಂದು ಇನ್ಸ್‌ಪೆಕ್ಟರ್ ಆಚೆ ಹೋದ. ಪರೀಕ್ಷಕ ದನಿ ತಗ್ಗಿಸಿದ. "ಜಗಳ ಯಾಕೆ ಆಯ್ತು?"

"ಹೇಳಲ್ಲ."

"ನಾಳೆ ನಿನ್ನ ಮೇಲೆ ಕೊಲೆ ಅಂತ ಹಾಕ್ತಾರೆ. ಗೊತ್ತಲ್ಲ?"

ಅವಳು ಬಾಗಿಲ ಕಡೆ ಒಮ್ಮೆ ನೋಡಿ ಹೇಳಿದಳು. "ಗೇಟಿನ ಬೋರ್ಡು ನೋಡಿದ್ರಲ್ಲ. ಅಣ್ಣತಮ್ಮ ಗ್ಯಾರೇಜ್ ಅಂತಿದೆ. ಚಿಕ್ಕಪ್ಪನೇ ಬರೆದದ್ದು, ನಾನು ಹುಟ್ಟೋಕೆ ಮುಂಚೆ. ಅಪ್ಪ ಅದನ್ನ ತೆಗೆಸಿ ನನ್ನ ಹೆಸರು ಹಾಕಿಸ್ತೀನಿ ಅಂದ್ರು. ಗ್ಯಾರೇಜು ಇನ್ಮೇಲೆ ನಿಂದು ಅಂದ್ರು. ಚಿಕ್ಕಪ್ಪನ ಹೆಸರು ತೆಗೆದ್ರೆ ನಾನು ಒಳಗೆ ಕಾಲಿಡಲ್ಲ ಅಂತ ಕೂಗಾಡಿದೆ." ಅವಳು ಅಂಗಲಾಚಿದಳು. "ಇದು ಚಿಕ್ಕಪ್ಪನಿಗೆ ಗೊತ್ತಾಗೋದು ಬೇಡ ಸರ್. ಅಣ್ಣನೇ ಹೀಗೆ ಮಾಡೋಕೆ ಹೊರಟಿದ್ದ ಅಂತ ತಿಳಿದ್ರೆ ಅವರು ಕುಸಿದು ಹೋಗ್ತಾರೆ. ಈಗ ನನಗೆ ಅವರೊಬ್ಬರೇ."

* * *

ಆ ಸಂಜೆ ಪರೀಕ್ಷಕ ಮನೆಗೆ ಹೋಗಲಿಲ್ಲ. ಕಚೇರಿಯ ಮೇಜಿನ ಮೇಲೆ ಹಳೆಯ ಕೈಪಿಡಿಗಳನ್ನು ಹರವಿಕೊಂಡು ಕೂತ.

ಡಿನಲ್ಲಿ ಕಾರು ಕಿರುಚುತ್ತದೆ, ಓಡುವುದಿಲ್ಲ. ಗೇರ್‌ಬಾಕ್ಸ್ ಸವೆದಿದ್ದರೆ ಹಾಗಾಗಬಹುದು. ಆದರೆ ಸವೆದ ಗೇರ್‌ಬಾಕ್ಸ್ ಒಬ್ಬ ಮನುಷ್ಯನನ್ನು ಗೋಡೆಗೆ ಒತ್ತಿ ಗಾರೆ ಕೀಳುವಷ್ಟು ಜೋರಾಗಿ ಹಿಂದಕ್ಕೆ ಹಾರುವುದಿಲ್ಲ. ಹಾಗಾದರೆ ಅದು ಸವೆದಿಲ್ಲ. ಸವೆಯದ ಗೇರ್‌ಬಾಕ್ಸ್ ಕಿರುಚುತ್ತ ನಿಧಾನವಾಗಿ ಹೋಗುವುದು ಒಂದೇ ಸ್ಥಾನದಲ್ಲಿ. ಎಲ್‌ನಲ್ಲಿ. ಆದರೆ ಅವಳು ಆಗ ಇದ್ದದ್ದು ಡಿನಲ್ಲಿ.

ಈ ಮಾದರಿಯ ಕಾರಿಗೆ ಯಾವ ಗೇರ್‌ಬಾಕ್ಸ್? ಕೈಪಿಡಿಯ ಉತ್ತರ ಅವನ ನಿದ್ದೆ ಕೆಡಿಸಿತು. ಈ ಕಾರು ತಯಾರಾದ ಆ ಒಂದು ವರ್ಷ ಕಂಪನಿ ಎರಡು ಬಗೆ ಹಾಕಿತ್ತು. ವರ್ಷದ ಮೊದಲ ಭಾಗದಲ್ಲಿ ಹಳೆಯ ಬಗೆ, ಆಮೇಲೆ ಹೊಸದು. ಮೈಕಟ್ಟು ಒಂದೇ, ಎಂಜಿನ್ ಒಂದೇ, ಲಿವರ್ ಒಂದೇ. ಹೊರಗಿನಿಂದ ನೋಡಿ ಯಾವುದೆಂದು ಹೇಳುವಂತಿಲ್ಲ. ಹೇಳಬೇಕೆಂದರೆ ಕಾರಿನ ಅಡಿಗೆ ಹೋಗಿ ಗೇರ್‌ಬಾಕ್ಸಿನ ಕೆಳಗೆ ಎಣ್ಣೆ ನಿಲ್ಲುವ ತಗಡಿನ ತಟ್ಟೆ, ಆಯಿಲ್ ಪ್ಯಾನ್, ನೋಡಬೇಕು. ಹಳೆಯದರ ಪ್ಯಾನ್ ನೇರ ಚೌಕ. ಹೊಸದರ ಒಂದು ಮೂಲೆ ಕತ್ತರಿಸಿದಂತೆ ಓರೆ.

ಎರಡಕ್ಕೂ ಇನ್ನೊಂದು ವ್ಯತ್ಯಾಸವಿತ್ತು. ಅದನ್ನು ಓದಿದಾಗ ಅವನು ಎದ್ದು ಕಿಟಕಿಯ ಬಳಿ ಹೋಗಿ ನಿಂತ. ಇದನ್ನು ಈಗ ಯಾರಿಗಾದರೂ ಹೇಳಿದರೆ ಅದು ಬರಿಯ ಊಹೆ. ಪ್ಯಾನ್ ನೋಡುವ ತನಕ ಅದು ಊಹೆಯೇ.

* * *

ಬೆಳಿಗ್ಗೆ ಅವನು ಮೊದಲು ಹೋದದ್ದು ಎಲ್ಲರೂ ಸ್ಪ್ಯಾನರ್ ಎಂದೇ ಕರೆಯುವವನ ಬಳಿಗೆ. ಗ್ಯಾರೇಜಿನ ಹಳೆಯ ಮೆಕ್ಯಾನಿಕ್. ಹೋದ ತಿಂಗಳು ಯಜಮಾನ ಬೈದು ಓಡಿಸಿದ್ದ. ಕಾರಿಗೆ ಕೈಯಾಡಿಸುವಷ್ಟು ವಿದ್ಯೆ ಇದ್ದವನು, ಸಿಟ್ಟೂ ಇದ್ದವನು. ಇನ್ಸ್‌ಪೆಕ್ಟರ್ ಜೊತೆಗೆ ಬಂದ, ಗೊಣಗುತ್ತಲೇ.

ಸ್ಪ್ಯಾನರ್ ಬಲಗಾಲಿಗೆ ಸೊಂಟದವರೆಗೆ ಬ್ಯಾಂಡೇಜು ಹಾಕಿಕೊಂಡು ಮಂಚದ ಮೇಲೆ ಮಲಗಿದ್ದ.

"ಕಾರಿಗೆ ನಾನು ಏನಾದ್ರೂ ಮಾಡಿದ್ದೀನಾ ಅಂತ ಕೇಳೋಕೆ ಬಂದ್ರಾ? ಮಾಡ್ತಿದ್ದೆ ಸ್ವಾಮಿ. ಅಷ್ಟು ಸಿಟ್ಟಿತ್ತು. ಆದ್ರೆ ಈ ಕಾಲು ಎತ್ಕೊಂಡು ಬಚ್ಚಲಿಗೆ ಹೋಗೋಕೇ ಇಬ್ಬರು ಬೇಕು."

"ಯಾವಾಗ ಮುರೀತು?" ಇನ್ಸ್‌ಪೆಕ್ಟರ್ ಕೇಳಿದ.

"ಕೆಲಸ ಹೋದ ಖುಷೀಲಿ ಮೆಟ್ಟಿಲಿಂದ ಬಿದ್ದೆ. ಇವಳನ್ನ ಕೇಳಿ, ದಿನಾ ಹೊಸದಾಗಿ ಶಾಪ ಹಾಕ್ತಾಳೆ." ಒಳಗಿನಿಂದ ಹೆಂಡತಿಯ ದನಿ ಬಂತು: "ಶಾಪ ತಟ್ಟೋ ಹಾಗಿದ್ದಿದ್ರೆ ಮದುವೆ ಆದ ವರ್ಷವೇ ತಟ್ಟಬೇಕಿತ್ತು."

ಪರೀಕ್ಷಕ ಕೇಳಿದ್ದು ಒಂದೇ ಪ್ರಶ್ನೆ. "ಇದೇ ಮಾದರಿಯ ಬೇರೆ ಕಾರು ಆ ಗ್ಯಾರೇಜಿಗೆ ಬಂದಿತ್ತಾ?"

"ಬಂದಿತ್ತು. ಇದಕ್ಕಿಂತ ಎರಡು ವರ್ಷ ಈಚಿನದು. ತುಕ್ಕು ತಿಂದು ಹೋಗಿತ್ತು. ಬಿಚ್ಚಿ ಸಾಮಾನು ಅಟ್ಟಕ್ಕೆ ಹಾಕಿದ್ವಿ. ಸ್ಟೀರಿಂಗ್ ಕಂಬ ಈಗ್ಲೂ ಅಲ್ಲೇ ಇರಬೇಕು."

"ಅದನ್ನ ಓಡಿಸ್ತಿದ್ದವರು ಯಾರು?"

"ನಾನು, ಯಜಮಾನ. ಚಿಕ್ಕ ಯಜಮಾನ ಓಡಿಸ್ತಿರ್ಲಿಲ್ಲ." ಸ್ಪ್ಯಾನರ್ ನಕ್ಕ. "ಅವನು ಆಟೊಮ್ಯಾಟಿಕ್ ಕಲಿತದ್ದು ಅದಕ್ಕೂ ಮುಂಚೆ. ಹರೆಯದಲ್ಲಿ ಒಬ್ಬ ಸಾಹುಕಾರರ ಹತ್ರ ಡ್ರೈವರ್ ಆಗಿದ್ದ. ಅವರ ಹತ್ರ ಇಂಥದ್ದೇ ಇತ್ತಂತೆ, ಇನ್ನೂ ಹಳೇದು."

ಇನ್ಸ್‌ಪೆಕ್ಟರ್ ಹುಬ್ಬೇರಿಸಿದ. ತನಗೆ ಆಟೊಮ್ಯಾಟಿಕ್ ಬರುವುದಿಲ್ಲ ಎಂದು ನಿನ್ನೆ ಅಂಗಳದಲ್ಲಿ ಹೇಳಿದವನು ಯಾರೆಂದು ಇಬ್ಬರಿಗೂ ನೆನಪಿತ್ತು.

"ಮುಪ್ಪಿಗೆ ಮರೆತಿರಬಹುದು," ಎಂದ ಇನ್ಸ್‌ಪೆಕ್ಟರ್, ಜೀಪು ಹತ್ತುತ್ತ. ಆದರೆ ದನಿಯಲ್ಲಿ ನಿನ್ನೆಯ ಜೋರು ಇರಲಿಲ್ಲ.

* * *

ಗ್ಯಾರೇಜಿನ ಅಂಗಳದಲ್ಲಿ ಒಂದು ಗುಂಡಿಯಿತ್ತು. ಕಾರನ್ನು ಮೇಲೆ ನಿಲ್ಲಿಸಿ ಕೆಳಗಿನಿಂದ ಕೆಲಸ ಮಾಡುವ ಉದ್ದನೆಯ ಗುಂಡಿ. ಮುಂದಿನ ತುದಿಯಲ್ಲಿ ಇಳಿಯಲು ಮೆಟ್ಟಿಲು. ಇಬ್ಬರು ಪೇದೆಗಳು ಲಿವರನ್ನು ಎನ್‌ಗೆ ಹಾಕಿ ಕಾರನ್ನು ತಳ್ಳಿ ಗುಂಡಿಯ ಮೇಲೆ ತಂದರು. ಚಕ್ರಗಳಿಗೆ ಮರದ ತುಂಡು ಕೊಟ್ಟರು. ಚಿಕ್ಕಪ್ಪನೇ ಬ್ಯಾಟರಿ ತಂದು ಕೂರಿಸಿದ. ನಟ್ಟು ಎರಡು ಸಲ ಕೈಯಿಂದ ಜಾರಿತು. ಅಣ್ಣ ಸತ್ತು ಒಂದು ದಿನವಾಗಿದೆ, ಜಾರದೆ ಏನು ಮಾಡೀತು ಎಂದುಕೊಂಡ ಪರೀಕ್ಷಕ. ಹಾಗೆಂದುಕೊಂಡರೂ ಆ ಕೈಗಳಿಂದ ಕಣ್ಣು ತೆಗೆಯಲಿಲ್ಲ.

"ಸ್ಟಾರ್ಟ್ ಮಾಡಿ."

ಇನ್ಸ್‌ಪೆಕ್ಟರ್ ಹೊಟ್ಟೆಯನ್ನು ಸ್ಟೀರಿಂಗಿನ ಹಿಂದೆ ತುರುಕಿ ಕೂತು ಚಾವಿ ತಿರುಗಿಸಿದ. ಏನೂ ಆಗಲಿಲ್ಲ.

"ಬ್ಯಾಟರಿ ಸತ್ತಿದೆ."

"ಹಾರ್ನ್ ಒತ್ತಿ."

ಹಾರ್ನು ಇಡೀ ಬೀದಿಗೆ ಕೇಳುವಂತೆ ಕೂಗಿತು.

"ಈಗ ಪಿಗೆ ಹಾಕಿ ತಿರುಗಿಸಿ."

ಎಂಜಿನ್ ಒಮ್ಮೆಗೇ ಶುರುವಾಯಿತು. ಇಂಥ ಕಾರು ಎರಡು ಅಕ್ಷರಗಳಲ್ಲಿ ಸ್ಟಾರ್ಟ್ ಆಗಬೇಕು. ಪಿಯಲ್ಲೂ ಎನ್‌ನಲ್ಲೂ. ಈ ಕಾರಿಗೆ ಎನ್ ಎಂದರೆ ಎನ್ ಅಲ್ಲ.

"ಹಳೇ ಗಾಡಿ ಅಲ್ವಾ ಸರ್, ಹಾಗೇ," ಎಂದ ಚಿಕ್ಕಪ್ಪ.

"ಪಿಯಲ್ಲೇ ಇರಲಿ," ಎಂದು ಹೇಳಿ ಪರೀಕ್ಷಕ ಟಾರ್ಚು ಹಿಡಿದು ಮೆಟ್ಟಿಲಿಳಿದ.

ಕೆಳಗೆ ಎಣ್ಣೆಯ ವಾಸನೆ. ತಲೆಯ ಮೇಲೆ ಎಂಜಿನ್ನಿನ ಗುಡುಗು. ಬೆಳಕು ಬಿಟ್ಟ. ಮಣ್ಣು ಮೆತ್ತಿದ ಆಯಿಲ್ ಪ್ಯಾನ್. ಅಂಗೈಯಿಂದ ಮಣ್ಣು ಒರೆಸಿದ. ಒಂದು ಮೂಲೆ. ಎರಡನೆಯದು. ಮೂರು. ನಾಲ್ಕು. ನಾಲ್ಕೂ ನೇರ. ಚೌಕ.

ಹಳೆಯ ಬಗೆ.

ಅವನು ಹೊರಗೆ ಬರಲು ಮೆಟ್ಟಿಲು ಹತ್ತಿದ. ಎದೆಯವರೆಗೆ ಮೇಲೆ ಬಂದಿದ್ದ. ಬೆನ್ನು ಗುಂಡಿಯ ಅಂಚಿಗೆ ತಾಗುತ್ತಿತ್ತು, ಮುಖ ಕಾರಿನ ಅಡಿಗೆ. ಇನ್ಸ್‌ಪೆಕ್ಟರನನ್ನು ಕೂಗಲು ಬಾಯಿ ತೆರೆದ.

ಮೇಲೆ ಇನ್ಸ್‌ಪೆಕ್ಟರನಿಗೆ ಎಂಜಿನ್ನಿನ ಅರಚಾಟ ಸಾಕಾಗಿತ್ತು. ಜೀವಮಾನವೆಲ್ಲ ಕ್ಲಚ್ಚಿನ ಜೀಪು ಓಡಿಸಿದ ಮನುಷ್ಯ. ನಿಂತ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕುವುದು ಅವನಿಗೆ ಉಸಿರಾಡಿದಷ್ಟೇ ಸಹಜ. ಅವನು ಲಿವರನ್ನು ಎನ್‌ಗೆ ಎಳೆದ.

ಕಾರು ಮುಂದಕ್ಕೆ ನುಗ್ಗಿತು.

ಮರದ ತುಂಡುಗಳು ಜಾರಿದವು. ಕಾರಿನ ಅಡಿಯ ಕಬ್ಬಿಣದ ಅಡ್ಡಪಟ್ಟಿ ಪರೀಕ್ಷಕನ ಎದೆಗೆ ಬಂದು ಕೂತಿತು. ಬೆನ್ನ ಹಿಂದೆ ಕಾಂಕ್ರೀಟು. ಪಕ್ಕೆಯಲ್ಲಿ ಏನೋ ಲಟಕ್ಕೆಂದಿತು. ಉಸಿರು ಹೊರಗೆ ಹೋಯಿತು, ಒಳಗೆ ಬರಲಿಲ್ಲ.

"ಅಯ್ಯಯ್ಯೋ! ಸರ್ ಸಿಕ್ಕಿಕೊಂಡ್ರು! ಹಿಂದಕ್ಕೆ ತೆಗೀರಿ, ಹಿಂದಕ್ಕೆ!" ಪೇದೆಗಳು ಕೂಗಿದರು.

ಇನ್ಸ್‌ಪೆಕ್ಟರ್ ಬ್ರೇಕ್ ತುಳಿದು ಲಿವರನ್ನು ಆರ್‌ಗೆ ಒತ್ತಿದ. ಆಕ್ಸಿಲರೇಟರ್ ಒತ್ತಿದ. ಎಂಜಿನ್ ಬೊಬ್ಬೆ ಹೊಡೆಯಿತು. ಕಾರು ಅಲುಗಲಿಲ್ಲ. ಅಂಗಳ ಮುಂದಕ್ಕೆ ತುಸು ಇಳಿಜಾರು. ಕಾರಿನ ಭಾರ ಇನ್ನಷ್ಟು ಎದೆಯ ಮೇಲೆ ಬಂತು.

"ಹೋಗ್ತಿಲ್ಲ! ಹಿಂದಕ್ಕೆ ಹೋಗ್ತಾನೇ ಇಲ್ಲ!"

ಏನು ಮಾಡಬೇಕೆಂದು ಪರೀಕ್ಷಕನಿಗೆ ಗೊತ್ತಿತ್ತು. ಒಂದೇ ಅಕ್ಷರ ಹೇಳಿದರೆ ಸಾಕಿತ್ತು. ಹೇಳಲು ಉಸಿರಿರಲಿಲ್ಲ. ಚಕ್ರದ ಪಕ್ಕದ ಸಂದಿಯಿಂದ ಅವನಿಗೆ ನೆಲ ಕಾಣುತ್ತಿತ್ತು. ಓಡಾಡುವ ಪೊಲೀಸ್ ಬೂಟುಗಳು. ಆಚೆ, ಬಣ್ಣ ಮೆತ್ತಿದ ಒಂದು ಜೊತೆ ಚಪ್ಪಲಿ. ಅವು ಓಡಾಡುತ್ತಿರಲಿಲ್ಲ. ಗೇಟಿನ ಕಡೆ ತಿರುಗಿದವು. ಎರಡು ಹೆಜ್ಜೆ ಹೋದವು. ನಿಂತವು.

ಕಣ್ಣು ಕಪ್ಪಿಟ್ಟಿತು.

ಬಾಗಿಲು ಧಡಾರೆಂದು ತೆರೆದ ಸದ್ದು. "ಬಿಡ್ರೀ, ಸರೀರಿ ಆಚೆ!" ಎಂಬ ಒಡೆದ ದನಿ. ಲಿವರ್ ಕಟಕಟನೆ ಸರಿದ ಸದ್ದು. ಕಾರು ಹಿಂದಕ್ಕೆ ಹೋಯಿತು.

ಗಾಳಿ ಒಳಗೆ ಬಂತು.

* * *

ಅವನನ್ನು ಎತ್ತಿ ಗೋಡೆಗೆ ಒರಗಿಸಿದರು. ಯಾರೋ ನೀರು ಕೊಟ್ಟರು. ಎಂಜಿನ್ ನಿಂತಿತ್ತು.

ಇನ್ಸ್‌ಪೆಕ್ಟರ್ ತೆರೆದ ಬಾಗಿಲ ಬಳಿ ನಿಂತು ಒಳಗೆ ನೋಡುತ್ತಿದ್ದ. ಚಿಕ್ಕಪ್ಪ ಸೀಟಿನಲ್ಲೇ ಕೂತಿದ್ದ, ಕೈ ಇನ್ನೂ ಲಿವರಿನ ಮೇಲೆ. ಲಿವರಿನ ಮುಳ್ಳು ಕೊನೆಯ ಅಕ್ಷರವನ್ನು ತೋರಿಸುತ್ತಿತ್ತು.

ಎಲ್.

"ಕಾರು ಹಿಂದಕ್ಕೆ ಬಂತು," ಇನ್ಸ್‌ಪೆಕ್ಟರ್ ನಿಧಾನವಾಗಿ ಹೇಳಿದ. "ಎಲ್‌ನಲ್ಲಿ."

"ಗಾಬರೀಲಿ ಎಳೆದೆ ಸರ್. ಕೈಗೆ ಸಿಕ್ಕಿದ ಕಡೆ."

"ಗಾಬರೀಲಿ ನಾನೂ ಎಳೆದೆ. ಆರ್‌ಗೆ ಎಳೆದೆ. ಈ ಪಟ್ಟಿ ಓದೋಕೆ ಬರೋ ಯಾವನೇ ಆದ್ರೂ ಅಲ್ಲಿಗೇ ಎಳೀತಾನೆ. ನೀನು ಆರ್ ಮುಟ್ಟಲಿಲ್ಲ. ಡಿನಲ್ಲಿ ನಿಲ್ಲಲಿಲ್ಲ. ಸೀದಾ ತುದಿಗೆ ಹೋದೆ. ಹೇಗೆ ಗೊತ್ತಾಯ್ತು ನಿನಗೆ?"

ಚಿಕ್ಕಪ್ಪ ಲಿವರಿನಿಂದ ಕೈ ತೆಗೆದ.

ಪರೀಕ್ಷಕ ಪಕ್ಕೆ ಹಿಡಿದುಕೊಂಡು ಮಾತಾಡಿದ. ಒಂದೊಂದು ವಾಕ್ಯಕ್ಕೂ ನಿಲ್ಲಬೇಕಾಗುತ್ತಿತ್ತು.

"ಈ ಕಾರಿನದು ಹಳೇ ಗೇರ್‌ಬಾಕ್ಸ್. ಕೆಳಗಿನ ಪ್ಯಾನ್ ಚೌಕ ಇದೆ. ಹಳೇದರಲ್ಲಿ ಅಕ್ಷರಗಳ ಸಾಲೇ ಬೇರೆ. ಪಿ, ಎನ್, ಡಿ, ಎಲ್, ಆರ್. ಹಿಂದಕ್ಕೆ ಹೋಗೋದು ಕೊನೇಲಿ. ಹೊಸದರಲ್ಲಿ ಪಿ, ಆರ್, ಎನ್, ಡಿ, ಎಲ್. ಇಲ್ಲಿರೋದು ಹಳೇ ಗೇರ್‌ಬಾಕ್ಸು, ಮೇಲೆ ಹೊಸದರ ಪಟ್ಟಿ. ಪಟ್ಟಿ ನಂಬಿದವರಿಗೆ ಪಿ ಒಂದು ಬಿಟ್ಟು ಎಲ್ಲ ಸುಳ್ಳು."

ಇನ್ಸ್‌ಪೆಕ್ಟರ್ ಬೆರಳು ಮಡಿಸಿ ಎಣಿಸಿದ. "ಆರ್ ಅಂತ ಬರೆದಲ್ಲಿ ನ್ಯೂಟ್ರಲ್. ಅದಕ್ಕೇ ಹಿಂದಕ್ಕೆ ಹೋಗ್ಲಿಲ್ಲ. ಎನ್ ಅಂತ ಬರೆದಲ್ಲಿ ಡಿ. ಅದಕ್ಕೇ ನಾನು ನಿಮ್ಮನ್ನ..." ಅವನು ಪರೀಕ್ಷಕನ ಪಕ್ಕೆಯ ಕಡೆ ನೋಡಿದ.

"ಡಿ ಅಂತ ಬರೆದಲ್ಲಿ ಎಲ್. ಅದಕ್ಕೇ ಹುಡುಗಿ ಬರುವಾಗ ಕಾರು ಕಿರುಚ್ತಿತ್ತು. ಎಲ್ ಅಂತ ಬರೆದಲ್ಲಿ ಆರ್. ಅವಳು ಹೇಳಿದ್ದು ಅಕ್ಷರಶಃ ನಿಜ. ಎಲ್‌ಗೇ ಹಾಕಿದಳು."

"ಕಾರು ಬರುವಾಗಲೇ ಹಾಗಿತ್ತೋ ಏನೋ," ಎಂದ ಚಿಕ್ಕಪ್ಪ, ಯಾರ ಮುಖವನ್ನೂ ನೋಡದೆ.

"ಇರಬಹುದಿತ್ತು. ಆದ್ರೆ ನೀವು ನಿನ್ನೆ ಒಂದು ಮಾತು ಹೇಳಿದ್ರಿ. ಓಡಿಬಂದು ನೋಡಿದಾಗ ಲಿವರ್ ಆರ್‌ನಲ್ಲಿತ್ತು ಅಂತ. ಆರ್ ಅಂತ ಬರೆದಲ್ಲಿ ಲಿವರ್ ಇದ್ದಿದ್ರೆ ಈ ಕಾರು ಯಾರನ್ನೂ ಕೊಲ್ಲೋಕೆ ಆಗ್ತಿರ್ಲಿಲ್ಲ. ನೀವು ನೋಡಿದ್ದು ಎಲ್. ಹೇಳಿದ್ದು ಆರ್. ಅವಳ ಮೇಲೆ ಹೊರಿಸೋಕೆ."

ಪೇದೆಯೊಬ್ಬ ಅಟ್ಟದಿಂದ ಇಳಿದು ಬಂದ. ಬಿಚ್ಚಿಟ್ಟಿದ್ದ ಈಚಿನ ಕಾರಿನ ಸ್ಟೀರಿಂಗ್ ಕಂಬ ಅಲ್ಲೇ ಇತ್ತು. ಅದರ ಮೇಲಿನ ಪಟ್ಟಿ ಇರಲಿಲ್ಲ. ಅದಿದ್ದ ಜಾಗದಲ್ಲಿ ಧೂಳಿಲ್ಲದ ಬೆರಳುದ್ದದ ಗುರುತು. ಹಸಿರು ಕಾರಿನ ನಿಜವಾದ ಪಟ್ಟಿ ಬಣ್ಣದ ಕೋಣೆಯಲ್ಲಿ ಸಿಕ್ಕಿತು, ಥಿನ್ನರ್ ಡಬ್ಬಿಯ ತಳದಲ್ಲಿ. ಕೊನೆಯ ಅಕ್ಷರ ಆರ್.

"ತಿರುಪಿನ ಗೀರಿಗೆ ಬಣ್ಣ ತುಂಬಿದ್ದೀರಿ, ಈಚೆಗೆ ಬಿಚ್ಚಿದ್ದು ತಿಳೀಬಾರದು ಅಂತ," ಪರೀಕ್ಷಕ ಹೇಳಿದ. "ಮೆಕ್ಯಾನಿಕ್ ಆಗಿದ್ರೆ ಹಾಗೇ ಬಿಡ್ತಿದ್ದ. ಕಲೆ ಕಂಡರೆ ಮುಚ್ಚೋದು ಪೇಂಟರ್ ಕೈ. ಬ್ಯಾಟರಿ ಬಿಚ್ಚಿದ್ದು ನಾವು ಗೇರ್ ಹಾಕಿ ನೋಡಬಾರದು ಅಂತ. ಗುಜರಿಗೆ ಹಾಕ್ತೀನಿ ಅಂದದ್ದೂ ಅದಕ್ಕೇ."

ಇನ್ಸ್‌ಪೆಕ್ಟರ್ ಚಿಕ್ಕಪ್ಪನ ಹೆಗಲ ಮೇಲೆ ಕೈಯಿಟ್ಟ. ಒರಟಾಗಿ ಅಲ್ಲ. "ಇಳಿ."

ಚಿಕ್ಕಪ್ಪ ಇಳಿದ. ಗೇಟಿನ ಕಡೆ ನೋಡಿದ. ಬೋರ್ಡಿನ ಹಿಂಬದಿ ಕಾಣುತ್ತಿತ್ತು.

"ಹೆಸರು ತೆಗೆಯೋದು ತೆಗೀಲಿ," ಎಂದ. "ಗ್ಯಾರೇಜು ಅವನದೇ. ಹೊಸ ಬೋರ್ಡು ಬರೆಯೋಕೆ ಬೇರೆಯವನಿಗೆ ಕೊಟ್ಟಿದ್ದ ಸರ್. ಆ ಹುಡುಗ ನನ್ನ ಹತ್ರನೇ ಬಣ್ಣ ಕೊಳ್ಳೋಕೆ ಬಂದ, ಯಾವ ಹಳದಿ ಚೆನ್ನಾಗಿರುತ್ತೆ ಅಂತ ಕೇಳಿದ. ನಾನಿರುವಾಗ. ಈ ಕೈ ಇರುವಾಗ."

"ಅದಕ್ಕೆ ಅಣ್ಣನನ್ನ ಕೊಂದು, ಮಗುವನ್ನ ಜೈಲಿಗೆ ಕಳಿಸ್ತೀಯಾ?"

"ಅವಳು ಜಗಳ ಆಡಿದ್ದು ಕೇಳಿಸ್ತು, ಯಾಕೆ ಅಂತ ಕೇಳಿಸ್ಲಿಲ್ಲ. ಅವಳಿಗೂ ಅವನು ಬೇಡ ಅಂದುಕೊಂಡೆ. ಅಪಘಾತ ಅಂತ ಬಿಟ್ಟುಬಿಡ್ತಾರೆ ಅಂತಿದ್ದೆ. ನೀವು ಕೊಲೆ ಅಂದ್ರಿ. ಆಗ ಹೆದರಿ ಆರ್ ಅಂದೆ."

ಹುಡುಗಿ ಯಾರಿಗಾಗಿ ಜಗಳವಾಡಿದ್ದಳೆಂಬುದನ್ನು ಪರೀಕ್ಷಕ ಇನ್ಸ್‌ಪೆಕ್ಟರನಿಗೆ ಹೇಳಿದ. ಇನ್ಸ್‌ಪೆಕ್ಟರ್ ಅದನ್ನು ಜೀಪಿನಲ್ಲಿ ಚಿಕ್ಕಪ್ಪನಿಗೆ ತಿಳಿಸಿದನಂತೆ. ಠಾಣೆ ತಲಪುವವರೆಗೂ ಆ ಮನುಷ್ಯ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಿದ್ದನೆಂದು ಆಮೇಲೆ ಪೇದೆಗಳು ಹೇಳಿದರು.

* * *

ವಿಚಾರಣೆ ಮುಗಿದು ಶಿಕ್ಷೆಯಾದ ಮೇಲೆ ಮಗಳು ಪರೀಕ್ಷಕನ ಕಚೇರಿಗೆ ಬಂದಳು. ಕಾರನ್ನು ಬಿಡಿಸಿಕೊಳ್ಳಬೇಕಿತ್ತು. ಒಡೆಸಿಹಾಕುತ್ತೇನೆ ಎಂದಳು. ಗ್ಯಾರೇಜು ತೆರೆದಿದ್ದಾಳೆ. ಸ್ಪ್ಯಾನರ್ ಕುಂಟುತ್ತ ಕೆಲಸಕ್ಕೆ ಬರುತ್ತಾನೆ, ಮುಂಚಿನಷ್ಟೇ ಬಾಯಿ ಮಾಡುತ್ತಾನೆ. ಅವಳು ಕುರ್ಚಿಯಲ್ಲಿ ಕೂತಿದ್ದ ರೀತಿ ಬದಲಾಗಿತ್ತು. ಕೈಗಳು ಈಗ ಅವಳವೇ ಆಗಿದ್ದವು.

"ಒಂದು ಕೇಳಲಾ ಸರ್? ಕೋರ್ಟಲ್ಲಿ ಚಿಕ್ಕಪ್ಪನ ವಕೀಲರು ಕೈ ತಾನಾಗಿ ಹೋಯ್ತು ಅಂದ್ರು. ಹಳೇ ಡ್ರೈವರ್ ಕೈ, ರೂಢಿ ಅಂತ."

"ಹೂಂ."

"ನಿಜ ತಾನೇ? ಯೋಚನೆ ಮಾಡೋಕೆ ಸಮಯ ಇದ್ದಿದ್ರೆ ನಿಮ್ಮನ್ನ ಉಳಿಸ್ತಿರ್ಲಿಲ್ಲ. ಅಪ್ಪನನ್ನ ಕೊಂದವರು ನಿಮ್ಮನ್ನ ಯಾಕೆ ಉಳಿಸ್ತಾರೆ?" ಅವಳು ಅವನ ಮುಖವನ್ನೇ ನೋಡುತ್ತಿದ್ದಳು. "ಹಾಗೆ ಅಂದುಕೊಂಡೇ ನಾನು ನಿದ್ದೆ ಮಾಡ್ತಿರೋದು. ಅವರಲ್ಲಿ ಒಳ್ಳೇದು ಏನೂ ಉಳಿದಿರಲಿಲ್ಲ ಅಂತ."

ಪರೀಕ್ಷಕ ಕಾಗದವನ್ನು ಅವಳ ಕಡೆ ತಿರುಗಿಸಿದ. ಸಹಿ ಹಾಕುವ ಜಾಗ ತೋರಿಸಿದ. ನ್ಯಾಯಾಲಯದಲ್ಲಿ ಅವನನ್ನು ಕೇಳಿದ್ದು ಲಿವರ್ ಎಲ್ಲಿ ನಿಂತಿತ್ತು ಎಂದಷ್ಟೇ. ಅದನ್ನು ಹೇಳಿದ್ದ.

ಅವಳು ಸಹಿ ಮಾಡಿದಳು. ಬರ್ತೀನಿ ಸರ್ ಎಂದಳು. ಹೋದಳು.

ಚಿಕ್ಕಪ್ಪನಿಗೆ ಯೋಚಿಸಲು ಸಮಯವಿತ್ತು. ಅವನು ಗೇಟಿನ ಕಡೆ ಹೊರಟು, ನಿಂತು, ಎಲ್ಲವೂ ತಿಳಿದೇ ಮರಳಿ ಬಂದಿದ್ದ. ಪರೀಕ್ಷಕ ಇದನ್ನು ಅವಳಿಗೆ ಹೇಳಲಿಲ್ಲ, ಬೇರೆ ಯಾರಿಗೂ ಹೇಳಲಿಲ್ಲ.